ಮೂರು ದಿನದ ಎಲೆ

ಬೀಡಿ ಕಟ್ಟುವ ಊರುಗಳಲ್ಲಿ 'ನಿರುದ್ಯೋಗ' ಎಂಬ ಮಾತು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಗಂಜಿಮಠ, ಎಡಪದವು, ಮಿಜಾರು ದಾಟಿ ತೋಡಾರಿಗೆ ಬರುವಷ್ಟರಲ್ಲಿ ಎಷ್ಟೋ ಬೀಡಿ ಬ್ರಾಂಚುಗಳನ್ನು ಹಾದು ಬಂದಿರುತ್ತೇವೆ. ಅಲ್ಲಿ ಕೆಲಸದ ಸ್ಥಿತಿಗತಿಯನ್ನು ಹೇಳುವ ಮಾತು ಬೇರೆಯೇ. 'ಈ ವಾರ ಇರೆ ಇಜ್ಜಿ' ಎನ್ನುತ್ತಾರೆ. ಎಲೆ ಇಲ್ಲ ಎಂದರ್ಥ. ಇಲ್ಲವೇ 'ಮೂಜಿ ದಿನತ ಇರೆ ಮಾತ್ರ', ಅಂದರೆ ಮೂರು ದಿನಕ್ಕಾಗುವಷ್ಟು ಎಲೆ ಮಾತ್ರ ಕೊಟ್ಟಿದ್ದಾರೆ. ಎಲೆ, ಹೊಗೆಸೊಪ್ಪಿನ ಹುಡಿ, ನೂಲು ಈ ಮೂರೂ ಬ್ರಾಂಚಿನಿಂದಲೇ ಬರಬೇಕು. ಅವು ಬಂದಷ್ಟು ಕೆಲಸ, ಬಾರದಿದ್ದರೆ ತಡ್ಪೆ ಗೋಡೆಗೆ.

ಹಾಗಾದರೆ ವಾರದಲ್ಲಿ ಮೂರು ದಿನ ಮಾತ್ರ ಎಲೆ ಸಿಕ್ಕ ಹೆಂಗಸು ಉದ್ಯೋಗಿಯೋ, ನಿರುದ್ಯೋಗಿಯೋ? ಅವಳ ಹೆಸರು ಕಂಪನಿಯ ಪುಸ್ತಕದಲ್ಲಿದೆ, ಭವಿಷ್ಯನಿಧಿಯ ನಂಬರಿದೆ. ಆದ್ದರಿಂದ ನಿರುದ್ಯೋಗಿ ಅಲ್ಲ. ಉಳಿದ ಮೂರು ದಿನ ಕೆಲಸ ಮಾಡಲು ಅವಳು ಸಿದ್ಧ, ಕೈಗೆ ಶಕ್ತಿಯಿದೆ, ಕೊಡುವವರಿಲ್ಲ. ಆದ್ದರಿಂದ ನಿರುದ್ಯೋಗಿ ಹೌದು. ಈ ಅರೆಬರೆ ಸ್ಥಿತಿಗೆ ಪರಿಹಾರ ಕೊಡಬೇಕೇ, ಕೊಡುವುದಾದರೆ ಯಾವ ಅಳತೆಯಲ್ಲಿ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆ ಚರಿತ್ರೆ ನಮ್ಮೂರಿನ ಜಗಲಿಯವರೆಗೆ ಬಂದು ಹೊಸ್ತಿಲ ಹೊರಗೇ ನಿಂತದ್ದು ಹೇಗೆ ಎಂಬುದನ್ನು ಹೇಳಲು ಈ ಬರಹ.

ಲ್ಯಾಂಕಶೈರಿನ ಮೂರು ದಿನ

ಸರ್ಕಾರವೇ ಕಡ್ಡಾಯವಾಗಿ ನಡೆಸುವ ನಿರುದ್ಯೋಗ ವಿಮೆ ಒಂದು ಇಡೀ ದೇಶದ ಮಟ್ಟದಲ್ಲಿ ಮೊದಲು ಬಂದದ್ದು ಬ್ರಿಟನ್ನಿನಲ್ಲಿ, 1911ರ ರಾಷ್ಟ್ರೀಯ ವಿಮಾ ಕಾಯ್ದೆಯ ಮೂಲಕ. ಹಡಗು ಕಟ್ಟುವಿಕೆ, ಎಂಜಿನಿಯರಿಂಗ್, ಕಟ್ಟಡ ನಿರ್ಮಾಣದಂಥ ಕೆಲವೇ ಉದ್ಯಮಗಳಿಗೆ ಅದು ಮೊದಲು ಅನ್ವಯಿಸಿತು. ಕೆಲಸ ಕಳೆದುಕೊಂಡವನಿಗೆ ವಾರಕ್ಕೆ 7 ಶಿಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಇದರ ಹಿಂದೆ ದುಡಿದವರಲ್ಲಿ ಒಬ್ಬರಾದ ವಿಲಿಯಂ ಬೆವರಿಜ್ 1909ರಲ್ಲೇ ನಿರುದ್ಯೋಗದ ಬಗ್ಗೆ ಪುಸ್ತಕ ಬರೆದಿದ್ದರು. ನಿರುದ್ಯೋಗ ಎಂಬುದು ಆಳಿನ ಸೋಮಾರಿತನವಲ್ಲ, ಉದ್ಯಮದ ಸಮಸ್ಯೆ ಎಂಬುದು ಅದರ ವಾದ. ಬೆವರಿಜ್ ಗಮನವಿಟ್ಟು ನೋಡಿದ್ದು ಲಂಡನ್ನಿನ ಹಡಗುಕಟ್ಟೆಯ ಕೂಲಿಗಳನ್ನು. ಅವರು ಪೂರ್ತಿ ನಿರುದ್ಯೋಗಿಗಳಲ್ಲ, ಪೂರ್ತಿ ಉದ್ಯೋಗಿಗಳೂ ಅಲ್ಲ. ಬೆಳಿಗ್ಗೆ ಗೇಟಿನ ಮುಂದೆ ನಿಂತು, ಕರೆದರೆ ಒಳಗೆ, ಇಲ್ಲದಿದ್ದರೆ ಮನೆಗೆ.

1920ರ ದಶಕದಲ್ಲಿ ಲ್ಯಾಂಕಶೈರಿನ ಹತ್ತಿ ಗಿರಣಿಗಳಿಗೆ ಕುತ್ತು ಬಂತು. ಭಾರತದಂಥ ಮಾರುಕಟ್ಟೆಗಳು ಕೈತಪ್ಪುತ್ತಿದ್ದವು. ಗಿರಣಿಗಳು ಆಳುಗಳನ್ನು ತೆಗೆದುಹಾಕುವ ಬದಲು ವಾರದಲ್ಲಿ ಕೆಲವೇ ದಿನ ಯಂತ್ರ ಓಡಿಸಿದವು. ಆಗ ವಿಮೆಯ ನಿಯಮದಲ್ಲಿ ಒಂದು ಲೆಕ್ಕ ಮುಖ್ಯವಾಯಿತು: ಸತತ ಆರು ದಿನಗಳ ಒಳಗೆ ಯಾವುದೇ ಮೂರು ದಿನ ಕೆಲಸವಿಲ್ಲದಿದ್ದರೆ, ಆ ಮೂರು ದಿನ ಬಿಡಿಬಿಡಿಯಾಗಿದ್ದರೂ, ಅದನ್ನು ಒಂದೇ ನಿರುದ್ಯೋಗದ ಅವಧಿ ಎಂದು ಎಣಿಸಬಹುದು. ಹೀಗಾಗಿ ಮೂರು ದಿನ ದುಡಿದು ಮೂರು ದಿನ ಮನೆಯಲ್ಲಿ ಕುಳಿತವನು ಭತ್ಯೆಗೆ ಅರ್ಹ. ನಾಲ್ಕು ದಿನ ದುಡಿದು ಎರಡು ದಿನ ಕುಳಿತವನು ಅನರ್ಹ.

ಲೆಕ್ಕ ಹೀಗಿದ್ದಾಗ ಜನ ಏನು ಮಾಡುತ್ತಾರೆ? ಕೆಲವು ಕಡೆ ಮಾಲೀಕರೂ ಕಾರ್ಮಿಕರೂ ಸೇರಿಯೇ ಕೆಲಸದ ದಿನಗಳನ್ನು ಈ ನಿಯಮಕ್ಕೆ ಹೊಂದುವಂತೆ ಹಂಚಿಕೊಂಡರು. ಟೀಕಾಕಾರರು ಇದನ್ನು ವಂಚನೆ ಎಂದರು. ನನಗೆ ಕಾಣುವುದು ಇನ್ನೊಂದು. ಕಾನೂನು ಒಂದು ಗೆರೆ ಎಳೆದ ಕೂಡಲೇ ಬದುಕು ಆ ಗೆರೆಯ ಆಚೀಚೆ ಹೊಂದಿಕೊಳ್ಳುತ್ತದೆ. ಗೆರೆ ಎಲ್ಲಿದೆ ಎಂಬುದಕ್ಕಿಂತ ಗೆರೆ ಇದೆಯೇ ಎಂಬುದು ದೊಡ್ಡ ಪ್ರಶ್ನೆ. ಲ್ಯಾಂಕಶೈರಿನಲ್ಲಿ ಅದು ಇತ್ತು. ಮೂರು ದಿನದ ಎಲೆ ಪಡೆದ ತೋಡಾರಿನ ಹೆಂಗಸನ್ನು ಅದೇ ಅಳತೆಗೆ ಇಟ್ಟರೆ ಅವಳು ಅರ್ಹಳು.

ಜರ್ಮನಿ ಮತ್ತೊಂದು ದಾರಿ ಹಿಡಿಯಿತು. 1910ರಲ್ಲಿ ಪೊಟ್ಯಾಶ್ ಗಣಿಗಳ ಉತ್ಪಾದನೆಗೆ ಮಿತಿ ಹಾಕುವ ಕಾಯ್ದೆ ಬಂದಾಗ, ಕೆಲಸ ಕಡಿಮೆಯಾದ ಗಣಿಯಾಳುಗಳಿಗೆ ಪರಿಹಾರದ ವ್ಯವಸ್ಥೆಯೂ ಬಂತು. ಸರ್ಕಾರದ ತೀರ್ಮಾನದಿಂದ ಕೆಲಸ ಕಡಿಮೆಯಾದರೆ ಅದರ ಹೊರೆ ಆಳಿನ ತಲೆ ಮೇಲಷ್ಟೇ ಬೀಳಬಾರದು ಎಂಬ ತತ್ವ ಅಲ್ಲಿತ್ತು. ಅದೇ ಬೆಳೆದು 'ಕುರ್ತ್ಸ್‌ಆರ್ಬೈಟ್' ಎಂಬ ಹೆಸರಿನ ಕಡಿಮೆ ಹೊತ್ತಿನ ಕೆಲಸದ ಭತ್ಯೆಯಾಯಿತು. ನಷ್ಟವಾದ ಗಂಟೆಗಳ ಕೂಲಿಯ ಒಂದು ಪಾಲನ್ನು ವಿಮಾ ನಿಧಿ ತುಂಬಿಕೊಡುತ್ತದೆ. 2009ರ ಆರ್ಥಿಕ ಕುಸಿತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜರ್ಮನ್ ಕಾರ್ಮಿಕರು ಇದರಿಂದಲೇ ಕೆಲಸ ಉಳಿಸಿಕೊಂಡರು. 'ಸರ್ಕಾರದ ತೀರ್ಮಾನದಿಂದ' ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ನಮಗದು ಬೇಕಾಗುತ್ತದೆ.

ಎರಡು ಗಂಟೆ, ಅರ್ಧ ಪಾಳಿ, ಅರ್ಧ ಕೂಲಿ

ಭಾರತದಲ್ಲಿ ಇಂಥ ನಿರುದ್ಯೋಗ ವಿಮೆ ಬರಲಿಲ್ಲ. 1950ರ ಸಂವಿಧಾನದ 41ನೇ ವಿಧಿ ಕೆಲಸದ ಹಕ್ಕನ್ನೂ ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆಗಳ ಕಾಲದಲ್ಲಿ ಸರ್ಕಾರದ ನೆರವನ್ನೂ ಹೇಳಿತು. ಆದರೆ 'ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ' ಎಂಬ ಷರತ್ತಿನೊಂದಿಗೆ, ಅದೂ ನ್ಯಾಯಾಲಯದಲ್ಲಿ ಜಾರಿ ಮಾಡಿಸಲಾಗದ ನಿರ್ದೇಶಕ ತತ್ವಗಳ ಭಾಗದಲ್ಲಿ.

ಆದರೂ 1953ರಲ್ಲಿ ಒಂದು ಸಣ್ಣ ಬಾಗಿಲು ತೆರೆಯಿತು. ಬಟ್ಟೆ ಗಿರಣಿಗಳಲ್ಲಿ ಮಾಲು ಮಾರಾಟವಾಗದೆ ರಾಶಿ ಬಿದ್ದು, ಸಾವಿರಾರು ಕಾರ್ಮಿಕರನ್ನು ತಾತ್ಕಾಲಿಕವಾಗಿ ಮನೆಗೆ ಕಳಿಸುವ ಭೀತಿ ಹುಟ್ಟಿತು. ಆ ಅಕ್ಟೋಬರ್ 24ರಿಂದ ಜಾರಿಗೆ ಬಂದಂತೆ 1947ರ ಕೈಗಾರಿಕಾ ವಿವಾದ ಕಾಯ್ದೆಗೆ ಹೊಸ ಅಧ್ಯಾಯವೊಂದು ಸೇರಿತು. 'ಲೇ-ಆಫ್' ಎಂಬ ಪದ ಕಾನೂನಿಗೆ ಬಂದದ್ದು ಹಾಗೆ. ಕಲ್ಲಿದ್ದಲು, ವಿದ್ಯುತ್ತು, ಕಚ್ಚಾಮಾಲಿನ ಕೊರತೆಯಿಂದಲೋ ಮಾಲು ರಾಶಿ ಬಿದ್ದದ್ದರಿಂದಲೋ ಯಂತ್ರ ಕೆಟ್ಟದ್ದರಿಂದಲೋ ಹಾಜರಿ ಪುಸ್ತಕದಲ್ಲಿ ಹೆಸರಿರುವ ಆಳಿಗೆ ಕೆಲಸ ಕೊಡಲಾಗದಿದ್ದರೆ ಅದು ಲೇ-ಆಫ್. ಅಂಥ ದಿನಗಳಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ. ಸಾಮಾನ್ಯವಾಗಿ ಹನ್ನೆರಡು ತಿಂಗಳಲ್ಲಿ 45 ದಿನಕ್ಕೆ. ಅದಕ್ಕಿಂತ ಹಿಂದಿನ ವರ್ಷದಲ್ಲಿ 240 ದಿನ ಕೆಲಸ ಮಾಡಿರಬೇಕು.

ಈ ಕಾಯ್ದೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅದರ ವಿವರಣೆ. ಕಾನೂನಿನ ಒಣ ಭಾಷೆಯಲ್ಲಿ ಒಬ್ಬ ಮನುಷ್ಯನ ಒಂದು ಬೆಳಗ್ಗೆ ಇಡಿಯಾಗಿ ಕಾಣುವ ಜಾಗ ಅದು. ಆಳು ಪಾಳಿಯ ಹೊತ್ತಿಗೆ ಬಂದು ನಿಲ್ಲುತ್ತಾನೆ. ಎರಡು ಗಂಟೆಯೊಳಗೆ ಕೆಲಸ ಕೊಡದಿದ್ದರೆ ಆ ದಿನ ಅವನಿಗೆ ಲೇ-ಆಫ್. 'ಮಧ್ಯಾಹ್ನದ ಮೇಲೆ ಬಾ' ಎಂದು ಹೇಳಿ, ಆಗ ಕೆಲಸ ಕೊಟ್ಟರೆ ಅರ್ಧ ದಿನ ಮಾತ್ರ ಲೇ-ಆಫ್. ಮಧ್ಯಾಹ್ನ ಬಂದ ಮೇಲೂ ಕೆಲಸ ಕೊಡದಿದ್ದರೆ? ಆಗ ಆ ದ್ವಿತೀಯಾರ್ಧಕ್ಕೆ ಅರ್ಧವಲ್ಲ, ಪೂರ್ತಿ ಮೂಲವೇತನ ಮತ್ತು ತುಟ್ಟಿಭತ್ಯೆ. ಸುಮ್ಮನೆ ಎರಡು ಸಲ ಅಲೆಸಿದ್ದಕ್ಕೆ ಕಾನೂನು ವಿಧಿಸಿದ ದಂಡ ಎಂದೇ ಇದನ್ನು ಓದಬಹುದು. ಆಳಿಗೂ ಷರತ್ತುಗಳಿವೆ: ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಬಂದು ಹಾಜರಿ ಹಾಕಬೇಕು, ಅದೇ ಸಂಸ್ಥೆಯಲ್ಲೋ ಐದು ಮೈಲಿಯೊಳಗೆ ಅದೇ ಮಾಲೀಕನ ಇನ್ನೊಂದು ಕಡೆಯೋ ತಕ್ಕ ಬದಲಿ ಕೆಲಸ ಕೊಟ್ಟರೆ ಒಲ್ಲೆ ಎನ್ನಬಾರದು.

1948ರ ಕನಿಷ್ಠ ವೇತನ ಕಾಯ್ದೆಯ 15ನೇ ಕಲಮು ಇದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ದಿನಗೂಲಿಯವನು ಪೂರ್ತಿ ದಿನಕ್ಕಿಂತ ಕಡಿಮೆ ಹೊತ್ತು ಕೆಲಸ ಮಾಡಿದ್ದು ಮಾಲೀಕ ಕೆಲಸ ಕೊಡದ ಕಾರಣಕ್ಕಾದರೆ, ಪೂರ್ತಿ ದಿನದ ಕೂಲಿಯನ್ನೇ ಕೊಡಬೇಕು. ಕೆಲಸ ಮಾಡಲು ಒಲ್ಲೆ ಎಂದವನಿಗೆ ಮಾತ್ರ ಈ ಹಕ್ಕಿಲ್ಲ.

ಅಂದರೆ ಅರ್ಧ ಕೆಲಸದ ಪ್ರಶ್ನೆ ನಮ್ಮ ಕಾನೂನು ಮಾಡಿದವರಿಗೆ ಹೊಳೆದಿರಲಿಲ್ಲ ಎನ್ನುವಂತಿಲ್ಲ. ಗಂಟೆ, ಪಾಳಿ, ಮೈಲಿಗಳ ಲೆಕ್ಕದಲ್ಲಿ ಅವರು ಅದನ್ನು ಯೋಚಿಸಿದ್ದರು. ಆದರೆ ಯೋಚಿಸಿದ್ದು ಗೇಟು ಇರುವ ಕೆಲಸದ ಬಗ್ಗೆ. ಲೇ-ಆಫ್ ಪರಿಹಾರದ ಭಾಗಕ್ಕೆ 'ಕೈಗಾರಿಕಾ ಸಂಸ್ಥೆ' ಎಂದರೆ ಮೂರೇ: ಕಾರ್ಖಾನೆ, ಗಣಿ, ತೋಟ. ಅದರಲ್ಲೂ ಸರಾಸರಿ 50 ಜನ ಇರಬೇಕು, ಹಂಗಾಮಿ ಉದ್ಯಮವಾಗಿರಬಾರದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆಯ ಸಂತತಿಗಳಿಗೆ, ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಹಂಚಿನ ಕಾರ್ಖಾನೆಗಳ ಆಳಿಗೆ ಈ ಬಾಗಿಲ ಬಳಿ ನಿಂತು ವಾದಿಸುವ ಅವಕಾಶವಾದರೂ ಇತ್ತು. ಜಗಲಿಯಲ್ಲಿ ಕೂತು ಬೀಡಿ ಕಟ್ಟುವವಳಿಗೆ ಗೇಟೇ ಇಲ್ಲ. ಅವಳು ಎರಡು ಗಂಟೆ ಎಲ್ಲಿ ಹೋಗಿ ಕಾಯಬೇಕು?

ಬೀಡಿಯ ಕಾನೂನು ಜಗಲಿಗೆ ಬಂದ ಬಗೆ

ಬೀಡಿಯ ಕೆಲಸ ಪೂರ್ಣಾವಧಿಯದೋ ಬಿಡುವಿನ ವೇಳೆಯದೋ ಎಂಬ ಜಗಳ ಗಣರಾಜ್ಯದಷ್ಟೇ ಹಳೆಯದು. ಮಧ್ಯಪ್ರದೇಶದ ಸಾಗರ ಜಿಲ್ಲೆಯಲ್ಲಿ, 1948ರ ಪ್ರಾಂತೀಯ ಕಾಯ್ದೆಯೊಂದರ ಬಲದಿಂದ, ಬೇಸಾಯದ ಹಂಗಾಮಿನಲ್ಲಿ ಕೆಲವು ಹಳ್ಳಿಗಳ ಜನ ಬೀಡಿ ಕಟ್ಟಬಾರದೆಂದು ಜಿಲ್ಲಾಧಿಕಾರಿ ಆದೇಶ ಹೊರಡಿಸಿದರು. ಹೊಲಕ್ಕೆ ಆಳು ಸಿಗಲಿ ಎಂಬುದು ಕಾರಣ. ಪ್ರಶ್ನಿಸಿದವರು ಒಬ್ಬ ಬೀಡಿ ಮಾಲೀಕ ಮತ್ತು ಒಬ್ಬ ಬೀಡಿ ಕೆಲಸಗಾರ. 1950ರಲ್ಲಿ ಸುಪ್ರೀಂ ಕೋರ್ಟು ಚಿಂತಾಮನ್ ರಾವ್ ಮೊಕದ್ದಮೆಯಲ್ಲಿ ಈ ನಿಷೇಧವನ್ನು ರದ್ದು ಮಾಡಿತು. ಹೊಲದ ಕೆಲಸಕ್ಕೆ ಆಗದ ಮುದುಕಿಯರು, ಅಂಗವಿಕಲರು, ನಿಶ್ಶಕ್ತರು ಬೀಡಿಯಿಂದ ಒಂದಿಷ್ಟು ಸಂಪಾದಿಸುತ್ತಾರೆ, ಅವರನ್ನೂ ತಡೆಯುವುದು ಅತಿಯಾಯಿತು ಎಂಬುದು ಅದರ ತರ್ಕದ ಒಂದು ಎಳೆ. ಕೆಲಸ ಮಾಡುವ ಸ್ವಾತಂತ್ರ್ಯ ಹೀಗೆ ಉಳಿಯಿತು. ಕೆಲಸ ಸಿಗದ ದಿನದ ಪಾಡು ಏನು ಎಂಬುದು ಆ ಮೊಕದ್ದಮೆಯ ಪ್ರಶ್ನೆಯಾಗಿರಲಿಲ್ಲ.

ಮದ್ರಾಸ್ ಮತ್ತು ಕೇರಳ ರಾಜ್ಯಗಳು ಬೀಡಿ ಕೆಲಸದ ಸ್ಥಿತಿ ಸುಧಾರಿಸಲು ತಮ್ಮದೇ ಕಾಯ್ದೆ ಮಾಡಿದವು. ಮಾಡಿದ ಕೂಡಲೇ ಕೆಲಸ ಕಾಯ್ದೆಯಿಲ್ಲದ ಪಕ್ಕದ ರಾಜ್ಯಕ್ಕೆ ಜಾರುತ್ತಿತ್ತು. ಬೀಡಿಗೆ ಯಂತ್ರ ಬೇಡ, ಕಟ್ಟಡ ಬೇಡ. ಎಲೆಯ ಮೂಟೆಯನ್ನು ಲಾರಿಗೆ ಹಾಕಿದರೆ ಉದ್ಯಮವೇ ಊರು ಬಿಟ್ಟಂತೆ. ಅದನ್ನು ತಡೆಯಲೆಂದೇ ಕೇಂದ್ರ ಸರ್ಕಾರ 1966ರಲ್ಲಿ ಇಡೀ ದೇಶಕ್ಕೆ ಒಂದೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. ಅದರ ಜಾರಿಯನ್ನು ಮಾತ್ರ ರಾಜ್ಯಗಳಿಗೆ ಬಿಟ್ಟಿತು. ಕೇರಳ 1968ರಲ್ಲಿ ಜಾರಿಗೆ ಕೈ ಹಾಕಿದಾಗ ಮಂಗಳೂರು ಗಣೇಶ್ ಬೀಡಿ ಕಂಪನಿ ಕಣ್ಣೂರಿನ ಕಡೆಯ ತನ್ನ ಕೆಲಸವನ್ನು ನಿಲ್ಲಿಸಿತು. ಸುಮಾರು 12,000 ಜನ ಒಮ್ಮೆಲೇ ಕೆಲಸ ಕಳೆದುಕೊಂಡರು. ಅವರಿಗೆ ನಿರುದ್ಯೋಗ ಭತ್ಯೆ ಇರಲಿಲ್ಲ. ಸರ್ಕಾರದ ಬೆಂಬಲದಿಂದ 1969ರಲ್ಲಿ ಹುಟ್ಟಿದ್ದು ದಿನೇಶ್ ಬೀಡಿ ಸಹಕಾರ ಸಂಘ. ಭತ್ಯೆಯ ಬದಲು ಕೆಲಸವನ್ನೇ ಕಟ್ಟಿಕೊಂಡ ಆ ಕಥೆ ಕೇರಳದ ಕಾರ್ಮಿಕ ಚರಿತ್ರೆಯಲ್ಲಿ ಪ್ರಸಿದ್ಧ. ಗಡಿಯ ಈಚೆಗೆ ಅಂಥದ್ದು ನಡೆಯಲಿಲ್ಲ. ಇಲ್ಲಿ ಮನೆಮನೆಯ ಬೀಡಿಯೇ ಬೆಳೆಯಿತು.

1966ರ ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲೂ ಮುಂದಿದ್ದ ಹೆಸರು ಮಂಗಳೂರು ಗಣೇಶ್ ಬೀಡಿಯದೇ. ಮನೆಯಲ್ಲಿ ತನಗೆ ತೋಚಿದ ಹೊತ್ತಿಗೆ ಕೆಲಸ ಮಾಡುವವಳು ನೌಕರಳು ಹೇಗಾದಾಳು, ಅವಳಿಗೆ ಸಂಬಳ ಸಹಿತ ರಜೆ ಎಂದರೇನು ಎಂಬುದು ಮಾಲೀಕರ ವಾದಗಳಲ್ಲಿ ಒಂದು. 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಗುತ್ತಿಗೆದಾರ ನಡುವೆ ಇದ್ದರೂ, ಕೆಲಸ ನಡೆಯುವುದು ಮನೆಯಲ್ಲಾದರೂ, ಅವಳು ನೌಕರಳೇ. ಇಪ್ಪತ್ತು ದಿನದ ಕೆಲಸಕ್ಕೆ ಒಂದು ದಿನದ ಸಂಬಳ ಸಹಿತ ರಜೆ, ಹೆರಿಗೆ ಸೌಲಭ್ಯ ಅವಳಿಗೂ ಉಂಟು. 1977ರಲ್ಲಿ ಭವಿಷ್ಯನಿಧಿ ಬೀಡಿಗೂ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಪಿ.ಎಂ. ಪಟೇಲ್ ಮೊಕದ್ದಮೆಯಲ್ಲಿ 1985ರಲ್ಲಿ ಸುಪ್ರೀಂ ಕೋರ್ಟು ಮನೆಕೆಲಸಗಾರರ ಪರವೇ ನಿಂತಿತು. ಇದೆಲ್ಲ ಸಣ್ಣ ಗೆಲುವಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಮದುವೆ, ಮಕ್ಕಳ ಫೀಸು, ಹಂಚಿನ ಮಾಡು ಬೀಡಿಯ ಪಿ.ಎಫ್. ದುಡ್ಡಿನಿಂದ ಆದವು.

ಆದರೆ ಅದೇ ಕಾಯ್ದೆಯಲ್ಲಿ ಎರಡು ಸಣ್ಣ ಮಾತುಗಳಿವೆ. 'ಕೈಗಾರಿಕಾ ಆವರಣ' ಎಂಬುದಕ್ಕೆ ಅರ್ಥ ಹೇಳುವಾಗ ಅದು ಖಾಸಗಿ ವಾಸದ ಮನೆಯನ್ನು ಹೊರಗಿಟ್ಟಿತು. 39ನೇ ಕಲಮಿನಲ್ಲಿ, ಕೈಗಾರಿಕಾ ವಿವಾದ ಕಾಯ್ದೆ ಅನ್ವಯಿಸುವುದು 'ಕೈಗಾರಿಕಾ ಆವರಣ'ಗಳಿಗೆ ಸಂಬಂಧಿಸಿದ ವಿಷಯಗಳಿಗೆ ಎಂದಿತು. ಎರಡನ್ನೂ ಕೂಡಿಸಿ ಓದಿದರೆ, ಮೇಲೆ ಹೇಳಿದ 'ಕಾರ್ಖಾನೆ, ಗಣಿ, ತೋಟ'ವನ್ನೂ ಪಕ್ಕದಲ್ಲಿಟ್ಟರೆ, ಲೇ-ಆಫ್ ಪರಿಹಾರ ಜಗಲಿಯ ತನಕ ಬಾರದು ಎಂಬುದು ಸ್ಪಷ್ಟ. ರಜೆಗೆ, ಹೆರಿಗೆಗೆ, ಪಿ.ಎಫ್.ಗೆ ಅವಳು ನೌಕರಳು. ಎಲೆ ಇಲ್ಲದ ದಿನಕ್ಕೆ ಮಾತ್ರ ಅಲ್ಲ.

ಎಲೆಯ ವಿಷಯ ಕಾನೂನಿಗೆ ಗೊತ್ತೇ ಇರಲಿಲ್ಲವೆಂದಲ್ಲ. ಅದೇ 39ನೇ ಕಲಮು ಮೂರು ಬಗೆಯ ಜಗಳಗಳನ್ನು ಹೆಸರಿಸಿ ಬೇರೆ ಮಾಡಿತು: ಕಚ್ಚಾಮಾಲು ಕೊಡುವ ಬಗ್ಗೆ, ಕಟ್ಟಿದ ಬೀಡಿಯನ್ನು ಬೇಡವೆಂದು ತಿರಸ್ಕರಿಸುವ ಬಗ್ಗೆ, ತಿರಸ್ಕರಿಸಿದ ಬೀಡಿಯ ಕೂಲಿಯ ಬಗ್ಗೆ. ಇವನ್ನು ರಾಜ್ಯ ಸರ್ಕಾರ ಗೊತ್ತುಮಾಡಿದ ಅಧಿಕಾರಿ ಸಂಕ್ಷಿಪ್ತ ವಿಚಾರಣೆಯಲ್ಲಿ ಇತ್ಯರ್ಥ ಮಾಡಬೇಕು. ಅಂದರೆ ಎಲೆ ಸಾಲದೆಂದು ದೂರು ಕೊಡಬಹುದು. ಆದರೆ ದಿನಕ್ಕೆ ಇಷ್ಟು, ವಾರಕ್ಕೆ ಇಷ್ಟು ಎಲೆ ಕೊಡಲೇಬೇಕೆಂಬ ಅಳತೆಯನ್ನಾಗಲಿ, ಕೊಡದಿದ್ದರೆ ಇಷ್ಟು ಪರಿಹಾರ ಎಂಬ ಲೆಕ್ಕವನ್ನಾಗಲಿ ಆ ಕಲಮು ಹೇಳಲಿಲ್ಲ. ಕನಿಷ್ಠ ವೇತನವೂ ಸಾವಿರ ಬೀಡಿಗೆ ಇಷ್ಟು ಎಂದು ನಿಗದಿಯಾಗುತ್ತದೆ. ಎಣಿಕೆಯ ಕೂಲಿಯವರಿಗೂ ದಿನದ ಲೆಕ್ಕದಲ್ಲಿ ಇಷ್ಟಾದರೂ ಸಿಗಲಿ ಎಂಬ 'ಖಾತರಿಯ ಕಾಲದರ'ದ ಕಲ್ಪನೆ 1948ರ ಕಾಯ್ದೆಯ 3ನೇ ಕಲಮಿನಲ್ಲಿ ಇತ್ತು. ಕಾಗದದ ಮೇಲೆ ಇದ್ದ ಆ ಉಪಾಯ ಬೀಡಿಗೆ ಸರಿಯಾಗಿ ಒದಗಿದ್ದರೆ ಈ ಪ್ರಬಂಧದ ಅರ್ಧ ಭಾಗ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಇನ್ನೊಂದು ಬಾಗಿಲು 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ. ಬೀಡಿಯ ಮೇಲೆ ಹಾಕಿದ ಸೆಸ್‌ನಿಂದ ಔಷಧಾಲಯ, ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆಗೆ ನೆರವು. ನಮ್ಮ ಜಿಲ್ಲೆಯ ಎಷ್ಟೋ ಪದವೀಧರರು ಆ ವಿದ್ಯಾರ್ಥಿವೇತನದ ಅರ್ಜಿಗೆ ಅಮ್ಮನ ಬೀಡಿ ಪುಸ್ತಕದ ಪ್ರತಿ ಲಗತ್ತಿಸಿದವರೇ. ಓದಿಗೆ ನೆರವಾದ ಆ ನಿಧಿಯ ಯೋಜನೆಗಳಲ್ಲಿ ಎಲೆ ಸಿಗದ ವಾರಕ್ಕೆ ಜಾಗವಿರಲಿಲ್ಲ.

ತೀರ್ಮಾನ ಯಾರದು, ಹೊರೆ ಯಾರದು

2016ರಿಂದ 2020ರವರೆಗಿನ ನಾಲ್ಕು ವರ್ಷ ಈ ಕೊರತೆಯನ್ನು ಬಯಲಿಗೆ ತಂದವು. 2016ರ ಏಪ್ರಿಲ್ 1ರಿಂದ ತಂಬಾಕಿನ ಪೊಟ್ಟಣಗಳ ಮೇಲೆ ಶೇಕಡಾ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಕಡ್ಡಾಯವಾಯಿತು. ಪ್ರತಿಭಟಿಸಿ ಬೀಡಿ ಉದ್ಯಮಿಗಳು ಉತ್ಪಾದನೆ ನಿಲ್ಲಿಸಿದರು. ಅದೇ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದವು. ನಗದಿನಲ್ಲೇ ನಡೆಯುವ ಬೀಡಿಯ ಕೂಲಿ ತಡವರಿಸಿತು. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದು ಬೀಡಿಗೆ ಶೇಕಡಾ 28, ಎಲೆಗೆ ಶೇಕಡಾ 18 ತೆರಿಗೆ ಬಿತ್ತು. ಅದರ ಜೊತೆಗೇ ಕಲ್ಯಾಣ ನಿಧಿಯ ಸೆಸ್ ಕೊನೆಗೊಂಡಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್.

ತಂಬಾಕಿನ ಬಳಕೆ ಕಡಿಮೆಯಾಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬೀಡಿ ಸೇದುವವರ ಎದೆಗೂ ಕಟ್ಟುವವರ ಎದೆಗೂ ಅದು ಮಾಡುವ ಹಾನಿ ಗೊತ್ತಿರುವುದೇ. ಆದರೆ ಇಲ್ಲಿ ಜರ್ಮನಿಯ ಪೊಟ್ಯಾಶ್ ಗಣಿಗಳನ್ನು ನೆನೆಯಬೇಕು. ಸಮಾಜದ ಒಳಿತಿಗೆಂದು ಸರ್ಕಾರ ಒಂದು ಉದ್ಯಮವನ್ನು ಕುಗ್ಗಿಸುವಾಗ, ಕುಗ್ಗುವ ಪ್ರತಿ ಹೆಜ್ಜೆಯ ಬೆಲೆಯನ್ನು ಕೊಡುವವರು ಯಾರು? ನಮ್ಮಲ್ಲಿ ಒಂದೇ ದಿನ ಉದ್ಯಮ ಮುಚ್ಚಲಿಲ್ಲ. ಆರು ದಿನದ ಎಲೆ ಐದಾಗಿ, ನಾಲ್ಕಾಗಿ, ಮೂರಾಗಿ ಇಳಿಯಿತು. ಯಾರೂ ಕೆಲಸ ಕಳೆದುಕೊಳ್ಳಲಿಲ್ಲ. ಕೆಲಸವೇ ಸ್ವಲ್ಪಸ್ವಲ್ಪವಾಗಿ ಕಳೆದುಹೋಯಿತು. ಹೀಗೆ ಹೋದದ್ದಕ್ಕೆ ಯಾವ ಅರ್ಜಿ ನಮೂನೆಯಲ್ಲೂ ಕಾಲಂ ಇಲ್ಲ.

ಇದು ಆ ವಾರದ ನಷ್ಟವಷ್ಟೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಗ್ರಾಚ್ಯುಟಿಯ 1972ರ ಕಾಯ್ದೆಯಲ್ಲಿ ಎಣಿಕೆಯ ಕೂಲಿಯವರ ದಿನಗೂಲಿಯನ್ನು ಲೆಕ್ಕ ಹಾಕುತ್ತಿದ್ದುದು ಕೆಲಸ ಬಿಡುವ ಮುಂಚಿನ ಮೂರು ತಿಂಗಳ ಒಟ್ಟು ಗಳಿಕೆಯ ಸರಾಸರಿಯ ಮೇಲೆ. ಮೂವತ್ತು ವರ್ಷ ದಿನಕ್ಕೆ ಸಾವಿರ ಕಟ್ಟಿದವಳಿಗೆ ಕೊನೆಯ ಮೂರು ತಿಂಗಳು ಎಲೆ ಕಡಿಮೆಯಾದರೆ ಲೆಕ್ಕದ ಬುಡವೇ ಕುಗ್ಗುವ ಅಪಾಯ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿ ನಿಲ್ಲುವುದು ಕೊನೆಯ 60 ತಿಂಗಳ ಸರಾಸರಿ ಸಂಬಳದ ಮೇಲೆ. ಎಲೆ ಇಳಿಮುಖವಾದ ಕಾಲದಲ್ಲೇ ಮುದುಕಿಯಾದವರ ಪಾಲಿಗೆ ಆ 60 ತಿಂಗಳೂ ಬಡಕಲು ತಿಂಗಳುಗಳು. 2014ರಿಂದ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಎಂಬ ನೆಲಗಟ್ಟು ಇರುವುದರಿಂದ ಅದಕ್ಕಿಂತ ಕೆಳಗೆ ಬೀಳುವುದಿಲ್ಲ ಎಂಬುದೇ ಸಮಾಧಾನ. ಅರ್ಧ ನಿರುದ್ಯೋಗಕ್ಕೆ ಅವಳು ಎರಡು ಸಲ ಬೆಲೆ ಕಟ್ಟುತ್ತಾಳೆ. ಒಮ್ಮೆ ಈಗ, ಇನ್ನೊಮ್ಮೆ ವಯಸ್ಸಾದ ಮೇಲೆ.

ಭತ್ಯೆಗಳು ಇಲ್ಲವೇ?

ಇವೆ. ಅವು ಯಾರನ್ನು ನಿರುದ್ಯೋಗಿ ಎನ್ನುತ್ತವೆ ಎಂಬುದನ್ನು ನೋಡಬೇಕು. ಇ.ಎಸ್.ಐ. ಅಡಿಯಲ್ಲಿ 2005ರಲ್ಲಿ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಬಂತು. ಕಾರ್ಖಾನೆ ಮುಚ್ಚಿದರೆ, ಛಾಟಿ ಮಾಡಿದರೆ, ಶಾಶ್ವತ ಅಂಗವೈಕಲ್ಯ ಬಂದರೆ ಭತ್ಯೆ. 2018ರ ಜುಲೈಯಲ್ಲಿ ಬಂದ ಅಟಲ್ ವಿಮಿತ ವ್ಯಕ್ತಿ ಕಲ್ಯಾಣ ಯೋಜನೆ ಸರಾಸರಿ ಗಳಿಕೆಯ ಶೇಕಡಾ 25ರಷ್ಟನ್ನು ಜೀವಮಾನದಲ್ಲಿ ಒಮ್ಮೆ, 90 ದಿನಗಳವರೆಗೆ ಕೊಡುತ್ತಿತ್ತು. 2020ರಲ್ಲಿ ಅದನ್ನು ಶೇಕಡಾ 50ಕ್ಕೆ ಏರಿಸಿದರು. ಎರಡರಲ್ಲೂ ಕೆಲಸ ಪೂರ್ತಿ ಹೋಗಿರಬೇಕು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ನಿರುದ್ಯೋಗ ಭತ್ಯೆಯನ್ನು ನೇರವಾಗಿ ಹೆಸರಿಸಿತು. ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ, ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು, ಆಮೇಲೆ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು. ನನ್ನ ಮಟ್ಟಿಗೆ ಇದು ನಮ್ಮ ಕಾನೂನುಗಳಲ್ಲಿ ತುಂಬ ಉದಾರವಾದದ್ದು. ಕೆಲಸ ಕೇಳುವವಳ ಬೇರೆ ಕೆಲಸ ಎಷ್ಟು ಎಂದು ಅದು ಕೇಳುವುದಿಲ್ಲ. ಆದರೆ ಅದು ಗುಡ್ಡ ಅಗೆಯುವ, ಇಂಗುಗುಂಡಿ ತೋಡುವ ಕೆಲಸ. ಬೀಡಿ ಕಟ್ಟಿ ಕಟ್ಟಿ ಸೊಂಟ, ಕತ್ತು ಹೋದವಳು ಹಾರೆ ಹಿಡಿಯಬೇಕು.

ಈ ಪತ್ರಿಕೆಯ ಓದುಗರಲ್ಲಿ ಹಲವರಿಗೆ ಇನ್ನೂ ಹತ್ತಿರದ್ದು ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿಯನ್ನು ಹೆಚ್ಚೆಂದರೆ ಎರಡು ವರ್ಷ ಕೊಡುತ್ತದೆ. ಪಾಸಾಗಿ 180 ದಿನ ಕೆಲಸ ಸಿಗದಿರಬೇಕು, ಮುಂದೆ ಓದುತ್ತಿರಬಾರದು, ಈಗಲೂ ಕೆಲಸವಿಲ್ಲವೆಂದು ಆಗಾಗ ಘೋಷಿಸಬೇಕು. ಇಲ್ಲೂ ಹಳೆಯ ಪ್ರಶ್ನೆಯೇ. ಸಂಜೆ ಎರಡು ಗಂಟೆ ಟ್ಯೂಷನ್ ಹೇಳುವವಳು, ವಾರಾಂತ್ಯದಲ್ಲಿ ಮದುವೆ ಹಾಲಿನಲ್ಲಿ ಬಡಿಸಲು ಹೋಗುವವನು ಏನೆಂದು ಘೋಷಿಸಬೇಕು? ಹೌದು ಎಂದರೆ ಮೂರು ಸಾವಿರ ಹೋಯಿತು. ಇಲ್ಲ ಎಂದರೆ ಸುಳ್ಳು. ಅಮೆರಿಕದ ರಾಜ್ಯಗಳ ನಿರುದ್ಯೋಗ ವಿಮೆಯಲ್ಲಿ ಇದಕ್ಕೆ ಸರಳ ಉಪಾಯವಿದೆ. ಆ ವಾರ ಗಳಿಸಿದ್ದರಲ್ಲಿ ಒಂದು ಪಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಉಳಿದದ್ದನ್ನು ಭತ್ಯೆಯಿಂದ ಕಳೆದು ಬಾಕಿ ಕೊಡುತ್ತಾರೆ. ಹಾಗಾಗಿ ಸ್ವಲ್ಪ ಕೆಲಸ ಮಾಡಿದವನಿಗೆ ಏನೂ ಮಾಡದವನಿಗಿಂತ ಒಂದಿಷ್ಟು ಹೆಚ್ಚೇ ಸಿಗುತ್ತದೆ. 'ಹೌದು-ಇಲ್ಲ' ಎಂಬ ಎರಡೇ ಉತ್ತರದ ಬದಲು 'ಎಷ್ಟು' ಎಂದು ಕೇಳುವ ಕ್ರಮ ಅದು.

'ಎಷ್ಟು' ಎಂದು ಕೇಳುವ ಪುಸ್ತಕ

2025ರ ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1947ರ ಕಾಯ್ದೆಯೂ 1966ರ ಬೀಡಿ ಕಾಯ್ದೆಯೂ ಅವುಗಳೊಳಗೆ ಲೀನವಾದವು. ಲೇ-ಆಫ್ ಪರಿಹಾರದ ಅರ್ಧದ ಲೆಕ್ಕವೂ 50 ಜನರ ಮಿತಿಯೂ ಹೊಸ ಸಂಹಿತೆಯಲ್ಲಿ ಹಾಗೆಯೇ ಮುಂದುವರಿದಿವೆ. ಗೇಟು ಇರುವವರ ಗೇಟು ಉಳಿಯಿತು. ಅದೇ ವರ್ಷ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ಮಾಡಿತು: ಪ್ರತಿ ವಹಿವಾಟಿನ ಮೇಲೆ ಕಂಪನಿಯಿಂದ ಶುಲ್ಕ, ಅದರಿಂದ ಕಲ್ಯಾಣ ನಿಧಿ. ಐವತ್ತು ವರ್ಷದ ಹಿಂದೆ ಬೀಡಿಯ ಸೆಸ್ ನಡೆದ ದಾರಿಯೇ ಇದು. ಮನೆಗೆ ಊಟ ತಲುಪಿಸುವ ಹುಡುಗನ ಫೋನಿಗೆ ಆರ್ಡರ್ ಬಾರದ ಮಧ್ಯಾಹ್ನವೂ ಎಲೆ ಬಾರದ ವಾರವೂ ಒಂದೇ ಜಾತಿಯವು. ಬೀಡಿಯವರ ಚರಿತ್ರೆ ಗೊತ್ತಿದ್ದರೆ ಅವನಿಗೆ ಔಷಧಾಲಯ, ವಿದ್ಯಾರ್ಥಿವೇತನಗಳ ಜೊತೆಗೆ ಇನ್ನೊಂದನ್ನೂ ಕೇಳಬೇಕೆಂಬುದು ಗೊತ್ತಾಗುತ್ತದೆ.

ಕೇಳುವುದಾದರೆ ಪುರಾವೆ ಎಲ್ಲಿ ಎನ್ನುತ್ತಾರೆ. ಮನೆಯಲ್ಲಿ ಎಷ್ಟು ಹೊತ್ತು ಕೆಲಸವಿತ್ತು, ಎಷ್ಟು ಹೊತ್ತು ಇರಲಿಲ್ಲ ಎಂದು ಅಳೆಯುವುದು ಹೇಗೆ ಎಂಬುದು 1974ರ ಮೊಕದ್ದಮೆಯಿಂದಲೂ ಕೇಳಿಬರುವ ಆಕ್ಷೇಪ. ನನಗೆ ಇದರಲ್ಲಿ ಹುರುಳು ಕಾಣುವುದಿಲ್ಲ. ಬೀಡಿ ಕಟ್ಟುವ ಪ್ರತಿಯೊಬ್ಬಳ ಬಳಿಯೂ ಒಂದು ಪುಸ್ತಕವಿದೆ. ಯಾವ ದಿನ ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು ಕೊಟ್ಟರು, ಎಷ್ಟು ಬೀಡಿ ತಂದಳು, ಎಷ್ಟು ತೆಗೆದುಹಾಕಿದರು, ಕೂಲಿ ಎಷ್ಟು ಎಂದು ಬ್ರಾಂಚಿನವರೇ ಅದರಲ್ಲಿ ಬರೆಯುತ್ತಾರೆ. ಕಳೆದ ವರ್ಷದ ಸರಾಸರಿ ಎಷ್ಟು, ಈ ವಾರದ್ದು ಎಷ್ಟು, ವ್ಯತ್ಯಾಸದ ಅರ್ಧ ಎಷ್ಟು ಎಂದು ಕಂಡುಹಿಡಿಯಲು ಮೂರನೇ ಕ್ಲಾಸಿನ ಗಣಿತ ಸಾಕು. ಲ್ಯಾಂಕಶೈರಿನ ಗಿರಣಿಯಲ್ಲೂ ಇಷ್ಟು ಕರಾರುವಾಕ್ಕಾದ ದಾಖಲೆ ಒಬ್ಬೊಬ್ಬ ಆಳಿನ ಕೈಯಲ್ಲಿ ಇದ್ದಿರಲಾರದು.

ಆ ಪುಸ್ತಕವನ್ನು ಇದುವರೆಗೆ ಓದಿದವರೆಲ್ಲ ಅವಳು ಎಷ್ಟು ಕಟ್ಟಿದಳು ಎಂದು ನೋಡಲು ಓದಿದ್ದಾರೆ. ಅದರ ಖಾಲಿ ಸಾಲುಗಳನ್ನೂ ಓದುವ ಕಾನೂನು ಬೇಕಾಗಿದೆ. ತೋಡಾರಿನಲ್ಲಿ, ಬಂಟ್ವಾಳದಲ್ಲಿ, ಬೆಳ್ತಂಗಡಿಯಲ್ಲಿ ಈಗ ಬೀಡಿ ಕಟ್ಟುವವರಲ್ಲಿ ಬಹುಪಾಲು ವಯಸ್ಸಾದವರು. ಮಗಳಂದಿರು ಈ ಕೆಲಸಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅಂಥ ಕಾನೂನು ಬರುವುದಿದ್ದರೆ ಈ ತಾಯಂದಿರ ಕೊನೆಯ 60 ತಿಂಗಳ ಲೆಕ್ಕ ಮುಗಿಯುವ ಮುಂಚೆ ಬರಬೇಕು.